ಕೊನೆಯ ಪುಟದ ಕೆಳಗಿನ ಸಾಲು

9 ಜನವರಿ

ತಮ್ಮಾ,

ನಾನು ನಿನ್ನ ಅಕ್ಕ. ನಿನ್ನ ಕಚೇರಿಗೆ ಇದು ಗೊತ್ತಿಲ್ಲದ ಹಾಗಿದೆ, ಅದಕ್ಕೇ ಮೊದಲು ಬರೆದುಬಿಡುತ್ತೇನೆ. ವಯಸ್ಸು ಅರವತ್ತೆಂಟು. ಹೈಸ್ಕೂಲು ಮುಗಿಸಿದವಳು. ಈ ಮನೆಯ ಯಜಮಾನಿ, ಮನೆಯ ಕೆಳಗಿರುವ ಪ್ರೆಸ್ಸಿನ ಒಡತಿ. ಇಬ್ಬರು ಗಂಡುಮಕ್ಕಳು, ಒಬ್ಬಳು ಸೊಸೆ, ಐದು ಜನ ಕೆಲಸದವರು ನನ್ನ ಮಾತು ಮೀರುವುದಿಲ್ಲ. ಒಂಬತ್ತನೆಯ ವಯಸ್ಸಿಗೆ ತಾಯಿ ಇಲ್ಲದವನಾದ ಒಬ್ಬನಿಗೆ ಅನ್ನ ಹಾಕಿ, ಅಕ್ಷರ ತಿದ್ದಿಸಿ, ಹತ್ತೊಂಬತ್ತಕ್ಕೆ ಕೈಗೆ ನೋಟುಪುಸ್ತಕ ಕೊಟ್ಟು ಕೋರ್ಟಿನ ವರದಿಗೆ ಕಳಿಸಿದವಳು. ಅವನೀಗ ದೇಶದ ಅತಿ ದೊಡ್ಡ ಪಕ್ಷಕ್ಕೆ ಅಧ್ಯಕ್ಷನಾಗುತ್ತಿದ್ದಾನೆ. ಅವನಿಗೆ ಶುಭ ಹೇಳಿ ನಾನೊಂದು ಕಾಗದ ಬರೆದರೆ, ಅಚ್ಚು ಹಾಕಿಸಿದ ಕಾರ್ಡು ಬಂತು: 'ಮಾನ್ಯರೇ, ತಮ್ಮ ಪತ್ರ ತಲುಪಿದೆ. ತಮ್ಮ ಅಭಿಮಾನಕ್ಕೆ ವಂದನೆಗಳು.'

ಸೊಸೆ ಅದನ್ನು ಓದಿ, "ಅತ್ತೆ, ನೀವು ನಿಮ್ಮ ತಮ್ಮನ ಅಭಿಮಾನಿ ಅಂತ ಇಷ್ಟು ದಿನ ಬಾಯೇ ಬಿಟ್ಟಿರಲಿಲ್ಲವಲ್ಲ" ಅಂದಳು. ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ಆ ಕಾರ್ಡಿನ ಅಚ್ಚೂ ಸೊಟ್ಟಗಿದೆ, ನಮ್ಮ ಪ್ರೆಸ್ಸಿನಲ್ಲಾಗಿದ್ದರೆ ಹರಿದು ಹಾಕಿಸುತ್ತಿದ್ದೆ.

ಇಲ್ಲಿಯ ಸಮಾಚಾರ. ನನ್ನ ಮೊಣಕಾಲಿಗೂ ಮೆಟ್ಟಿಲಿಗೂ ದಿನಾ ಜಗಳ. ಹೊಸ ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಂಡರೆ ಕಣ್ಣಲ್ಲಿ ನೀರು. ಮೆಷಿನ್ನಿನವನು ಎರಡು ದಿನ ರಜ ಹಾಕಿದ್ದ. ನಾನೇ ಸ್ಟೂಲು ಹಾಕಿಕೊಂಡು ಕೂತು ಸಂಚಿಕೆ ಓಡಿಸಿದೆ.

ನಿನ್ನ ವಾರದ ಅಂಕಣವೂ ಬಂತು. ಅದು ನಿನ್ನದಲ್ಲ. ನೀನು ಬರೆದ ವಾಕ್ಯ ಒಂದು ಉಸಿರಿಗೆ ಮುಗಿಯುತ್ತದೆ. ಇದರಲ್ಲಿ ಒಂದೊಂದೂ ಗೂಡ್ಸ್ ರೈಲಿನ ಹಾಗೆ, ಗೇಟಿನ ಹತ್ತಿರ ನಿಂತವರಿಗೆ ಸಾಕಾಗಿಹೋಗುತ್ತದೆ. ನಿನ್ನ ಮೂರು ಪುಟವನ್ನು ಒಂದೂವರೆ ಮಾಡಿ ಮಾಡಿ ಪೆನ್ಸಿಲು ಸವೆಸಿದವಳು ನಾನು, ನನಗೆ ಗೊತ್ತಾಗುವುದಿಲ್ಲವೇ? ಯಾರು ಬರೆದದ್ದು?

ಕೇಳುವುದು ನನಗೆ ಅಭ್ಯಾಸವಿಲ್ಲ, ಆದ್ದರಿಂದ ಕಾಗದದ ಕೊನೆಗೆ ಬರೆಯುತ್ತಿದ್ದೇನೆ. ಅಧ್ಯಕ್ಷನಾದ ಮೇಲೆ ನಮ್ಮ ವಾರಪತ್ರಿಕೆಯ ಸಂಪಾದಕನಾಗಿ ಇರುವುದಿಲ್ಲ ಅಂತ ಹೇಳಿದೆಯಂತೆ. ಸರಿ. ಕೊನೆಯ ಪುಟದ ಕೆಳಗಿನ ಸಾಲಿನಲ್ಲಿ ಮೂವತ್ತೊಂದು ವರ್ಷದಿಂದ ಸಂಪಾದಕರು ಅಂತ ನಿನ್ನ ಹೆಸರಿದೆ, ಮುದ್ರಕರು ಅಂತ ನನ್ನದು. ನೀನು ಗೆದ್ದು ರಾಜಧಾನಿಗೆ ಹೋಗಿ ಹನ್ನೆರಡು ವರ್ಷವಾಯಿತು. ಆವತ್ತಿನಿಂದ ಯಾವ ಸುದ್ದಿ ಹೋಗಬೇಕು, ಯಾವುದು ಬೇಡ ಅಂತ ತೀರ್ಮಾನಿಸುತ್ತಿರುವವರು ಯಾರು ಅಂತ ಇಬ್ಬರಿಗೂ ಗೊತ್ತು. ಸಂಪಾದಕರ ಜಾಗವನ್ನು ನನ್ನ ಹೆಸರಿಗೆ ಬರೆದುಕೊಡು. ಮಾರ್ಚ್ ಮುಗಿಯುವುದರೊಳಗೆ ರುಜುವಾಗಬೇಕು.

ಅಕ್ಕ

2 ಫೆಬ್ರವರಿ

ಅಕ್ಕಾ,

ಆ ಕಾರ್ಡಿನ ವಿಷಯ ಕೇಳಿ ತಲೆ ತಗ್ಗಿಸಿದೆ. ದಿನಕ್ಕೆ ಇನ್ನೂರು ಮುನ್ನೂರು ಕಾಗದ ಬರುತ್ತವೆ. ನೀನು ನನ್ನ ಜೊತೆ ಕಳಿಸಿಕೊಟ್ಟ ಗಿಳಿ ಎಲ್ಲವನ್ನೂ ಓದಿ, ಒಂದೊಂದಕ್ಕೆ ನಾಲ್ಕು ಸಾಲು ಸಾರಾಂಶ ಮಾಡಿ, ಬೆಳಿಗ್ಗೆ ಕಾರಿನಲ್ಲಿ ಕೈಗೆ ಕೊಡುತ್ತಾಳೆ. ಕಾರ್ಡು ಕಳಿಸುವವನು ಬೇರೆ ಗುಮಾಸ್ತ. ಅವನನ್ನು ಚೆನ್ನಾಗಿ ಬೈದಿದ್ದೇನೆ. ಬೈಯುವಾಗ ನಿನ್ನ ಧ್ವನಿಯೇ ಬಂತು ನನಗೆ!

ಮೊಣಕಾಲಿನ ವಿಷಯ ಓದಿ ಸಂಕಟವಾಯಿತು. ಇಲ್ಲಿ ಒಳ್ಳೆಯ ಮೂಳೆ ಡಾಕ್ಟರಿದ್ದಾರೆ. ಬಾ ಅಂದರೆ ನೀನು ಬರುವವಳಲ್ಲ, ಅವರನ್ನೇ ಅಲ್ಲಿಗೆ ಕಳಿಸುತ್ತೇನೆ. ಈ ವಯಸ್ಸಿನಲ್ಲಿ ಸ್ಟೂಲಿನ ಮೇಲೆ ಕೂತು ಮೆಷಿನ್ನು ಓಡಿಸುವುದು ಏನಕ್ಕಾ? ನಿನಗೆ ಈಗ ವಿಶ್ರಾಂತಿ ಬೇಕು.

ಅಂಕಣ ನನ್ನದೇ. ಕಾರಿನಲ್ಲಿ ಹೇಳುತ್ತಾ ಹೋಗುತ್ತೇನೆ, ಗಿಳಿ ಬರೆದುಕೊಳ್ಳುತ್ತಾಳೆ. ರಸ್ತೆ ಉದ್ದವಾದ ಹಾಗೆ ವಾಕ್ಯವೂ ಉದ್ದವಾಗುತ್ತದೇನೋ.

ನಾಳೆಯಿಂದ ಹನ್ನೊಂದು ದಿನ ಪ್ರವಾಸ. ನಿನ್ನ ಕೈಯ ಚಹಾ ನೆನಪಾಗುತ್ತದೆ. ಸಭೆಯ ಚಹಾ ಎಲ್ಲ ಕಡೆ ಒಂದೇ, ಬಿಸಿನೀರಿಗೆ ಬಣ್ಣ.

ನಿನ್ನ ತಮ್ಮ

10 ಫೆಬ್ರವರಿ

ತಮ್ಮಾ,

ನಿನ್ನ ಡಾಕ್ಟರು ಬಂದು ಹೋದರು. ಒಳ್ಳೆಯ ಮನುಷ್ಯ. ಮೊಣಕಾಲು ನೋಡಿದ್ದು ಐದು ನಿಮಿಷ, ನಿನ್ನ ಗುಣಗಾನ ಒಂದು ಗಂಟೆ.

ಮೊನ್ನೆ ನಿನ್ನ ಭಾಷಣ ಟೀವಿಯಲ್ಲಿ ಬಂತು. ಪ್ರೆಸ್ಸಿನವರೆಲ್ಲ ಮೇಲೆ ಬಂದು ನೋಡಿದರು. ಮೆಷಿನ್ನಿನವನಂತೂ ಕುರ್ಚಿ ಕೊಟ್ಟರೂ ಕೂರಲಿಲ್ಲ, ನಿಂತೇ ನೋಡಿದ. "ಅಮ್ಮಾ, ಸಾಹೇಬರು ನಮ್ಮಲ್ಲಿದ್ದಾಗ ಇಷ್ಟು ಬೆಳ್ಳಗಿರಲಿಲ್ಲ" ಅಂದ. ನಾನು ಹಿಗ್ಗಿಕೊಂಡೇ ಕೂತಿದ್ದೆ. ಆಮೇಲೆ ನೀನು ಹೇಳಿದೆ: "ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಹೆಣ್ಣುಮಗಳು ಹೇಳುತ್ತಿರುತ್ತಾಳೆ, ಅವರು ಹೇಳಿದ್ದನ್ನಲ್ಲ, ನೀವು ನೋಡಿದ್ದನ್ನು ಹೇಳಿ ಅಂತ." ಜನ ಚಪ್ಪಾಳೆ ಹೊಡೆದರು. ಕ್ಯಾಮೆರಾ ಹಿಂದಿನ ಸಾಲಿಗೆ ಹೋಯಿತು. ಗಿಳಿ ತಲೆ ಬಗ್ಗಿಸಿ ಕೂತಿದ್ದಳು.

ಆ ಮಾತು ಯಾರದು? ಸೇತುವೆ ಕುಸಿದ ವರ್ಷ ನೆನಪು ಮಾಡಿಕೊ. ನಿನಗೆ ಇಪ್ಪತ್ತಾರು. ಹನ್ನೆರಡು ಸಲ 'ಅಧಿಕಾರಿಗಳು ಹೇಳುತ್ತಾರೆ' ಅಂತ ಬರೆದು ತಂದಿದ್ದೆ. ಹನ್ನೆರಡನ್ನೂ ಹೊಡೆದುಹಾಕಿ, "ಅವರು ಹೇಳಿದ್ದನ್ನು ಬರೆಯೋಕೆ ನೀನು ಯಾಕೆ ಬೇಕು? ಹೋಗಿ ನೋಡಿ ಬಂದು ಬರಿ" ಅಂತ ಮಳೆಯಲ್ಲಿ ವಾಪಸು ಅಟ್ಟಿದೆ. ನೀನು ಹೋಗಿ ಒಡೆದ ಕಂಬದೊಳಗೆ ಕೈ ಹಾಕಿ, ಕಬ್ಬಿಣವೇ ಇಲ್ಲ ಅಂತ ಬರೆದೆ. ಅದನ್ನು ಓದಿದವರೇ ನಿನ್ನನ್ನು ಮೊದಲು ನಗರಸಭೆಗೆ, ಆಮೇಲೆ ಸಂಸತ್ತಿಗೆ ಕಳಿಸಿದ್ದು.

ಗಿಳಿಗೂ ಆ ಮಾತು ಹೇಳಿದವಳು ನಾನೇ. ಹದಿನೇಳಕ್ಕೆ ನಮ್ಮಲ್ಲಿಗೆ ಬಂದಳು. ನಾನು ಹೇಳಿದ್ದನ್ನೆಲ್ಲ ತಿರುಗಿ ಹೇಳುತ್ತಿದ್ದಳು ಅಂತ ಗಿಳಿ ಅಂತ ಹೆಸರಿಟ್ಟವಳೂ ನಾನೇ. ಪ್ರೂಫು ನೋಡುವುದು ಕಲಿಸಿದೆ, ತಲೆಬರಹ ಕಟ್ಟುವುದು ಕಲಿಸಿದೆ. ನೀನು ರಾಜಧಾನಿಗೆ ಹೋಗುವಾಗ "ಅಕ್ಕಾ, ಇವಳೊಬ್ಬಳನ್ನು ಕೊಡು" ಅಂದೆ, ಕೊಟ್ಟೆ. ನಿನ್ನ ಬಟ್ಟೆಪೆಟ್ಟಿಗೆ ತುಂಬಿಕೊಟ್ಟ ಹಾಗೆಯೇ. ಈಗ ಪೆಟ್ಟಿಗೆಯೇ ಮನೆಯ ಯಜಮಾನಿ ಆಗಿದೆ. ನಿನ್ನ ಕಾರಿನಲ್ಲಿ ಪಕ್ಕದಲ್ಲಿ ಅವಳು. ನಿನ್ನ ಅಂಕಣದಲ್ಲಿ ಅವಳು. ನನ್ನ ಮಾತಿಗೆ ಚಪ್ಪಾಳೆ ತಗೊಳ್ಳುವವಳೂ ಅವಳು.

ಜನವರಿಯ ಕಾಗದದ ಕೊನೆಗೆ ಒಂದು ವಿಷಯ ಕೇಳಿದ್ದೆ. ನೀನು ಮೊಣಕಾಲಿಗೆ ಉತ್ತರ ಬರೆದೆ, ಚಹಾಕ್ಕೆ ಬರೆದೆ, ಅದಕ್ಕೆ ಬರೆಯಲಿಲ್ಲ. ಎರಡು ಸಲ ಕೇಳುವವಳಲ್ಲ ನಾನು. ಇದು ಎರಡನೆಯ ಸಲ. ಸಂಪಾದಕರ ಜಾಗಕ್ಕೆ ನನ್ನ ಹೆಸರು.

ಅಕ್ಕ

26 ಫೆಬ್ರವರಿ

ಅಕ್ಕಾ,

ನಿನ್ನ ಕಾಗದದ ತುಂಬ ಗಿಳಿಯ ಮೇಲೆ ಸಿಟ್ಟಂತೆ. ಅವಳೇ ಹೇಳಿದಳು, ಮುಖ ಸಣ್ಣದು ಮಾಡಿಕೊಂಡು. ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚೇನಕ್ಕಾ ನಿನಗೆ? ಭಾಷಣದಲ್ಲಿ ಬಾಯಿಗೆ ಬಂದ ಮಾತು ಬಂತು. ವೇದಿಕೆಯ ಮೇಲೆ 'ನಮ್ಮಕ್ಕ ಹೇಳುತ್ತಿದ್ದಳು' ಅಂದರೆ ಜನ ನಗುತ್ತಾರೆ.

ಒಂದು ಒಳ್ಳೆಯ ಸುದ್ದಿ. ನಿನ್ನ ಭಾರ ಇಳಿಸುವ ಏರ್ಪಾಟು ಮಾಡಿದ್ದೇನೆ. ಪತ್ರಿಕೆಯನ್ನು ಇನ್ನು ಪಕ್ಷವೇ ನಡೆಸುತ್ತದೆ, ದೇಶದ ತುಂಬ ಹೋಗುತ್ತದೆ. ಗಿಳಿ ಸಂಪಾದಕಿ. ನಮ್ಮ ಪ್ರೆಸ್ಸಿನಲ್ಲೇ ಬೆಳೆದವಳು, ಪರಕೀಯಳಲ್ಲ. ನೀನು 'ಗೌರವ ಸಲಹೆಗಾರರು'. ಮೊದಲ ಪುಟದಲ್ಲೇ ನಿನ್ನ ಹೆಸರು ಹಾಕಿಸುತ್ತೇನೆ, ದಪ್ಪ ಅಕ್ಷರದಲ್ಲಿ. ಮಾರ್ಚ್ ಹನ್ನೆರಡಕ್ಕೆ ಗಿಳಿ ಪತ್ರಗಳನ್ನು ತರುತ್ತಾಳೆ. ಮುದ್ರಕರು ಅನ್ನುವ ಕಡೆ ನಿನ್ನ ಒಂದು ರುಜು ಸಾಕು.

ಇಪ್ಪತ್ತೆಂಟಕ್ಕೆ ಪದಗ್ರಹಣ. ಮೊದಲ ಸಾಲಿನಲ್ಲಿ ನಿನಗೆ ಕುರ್ಚಿ. ಬರಬೇಕು.

ನಿನ್ನ ತಮ್ಮ

5 ಮಾರ್ಚ್

ಮಾನ್ಯರೇ,

ತಮ್ಮ ಪತ್ರ ತಲುಪಿದೆ.

ಹೌದು, ಹೊಟ್ಟೆಕಿಚ್ಚೇ. ನಿನ್ನ ಹೆಂಡತಿ ಈ ಮನೆಗೆ ಬಂದಾಗಲೂ ನನಗೆ ಹೀಗಾಗಿರಲಿಲ್ಲ. ಅವಳಿಗೆ ನಿನ್ನ ಊಟ, ನಿನ್ನ ಬಟ್ಟೆ, ನಿನ್ನ ಮಕ್ಕಳನ್ನು ಬಿಟ್ಟುಕೊಟ್ಟೆ. ನಿನ್ನ ಬರವಣಿಗೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಅವಳೂ ಪುಣ್ಯಾತ್ಗಿತ್ತಿ ಅದಕ್ಕೆ ಕೈ ಹಾಕಲಿಲ್ಲ.

ಗಿಳಿ ಬರಲಿ. ನೋಡುತ್ತೇನೆ.

13 ಮಾರ್ಚ್

ಸಂಪಾದಕರ ಜಾಗಕ್ಕೆ ನನ್ನ ಹೆಸರು ಬೇಕು. ಇದನ್ನು ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಯಾಕೆ ಅಂತ ಮುಂದೆ ಓದು.

ತಮ್ಮಾ, ನಿನ್ನೆ ಗಿಳಿ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಅಮ್ಮಾ, ಚೆನ್ನಾಗಿದ್ದೀರಾ?" ಅಂದಳು.

"ನಿನ್ನ ಕಣ್ಣಿಗೆ ಹೇಗೆ ಕಾಣುತ್ತೆ?"

"ಸಿಟ್ಟು ಬಂದ ಹಾಗೆ ಕಾಣುತ್ತೆ."

"ಮತ್ತೆ ಚೆನ್ನಾಗೇ ಇದ್ದೀನಿ" ಅಂದೆ.

ಕೂರು ಅನ್ನಲಿಲ್ಲ. ಅವಳು ಹಳೆಯ ಅಭ್ಯಾಸದ ಹಾಗೆ ಹೋಗಿ ಪ್ರೂಫಿನ ಬೆಂಚಿನ ಮೇಲೆ ಕೂತಳು. ಎದುರಿಗೆ ಈ ವಾರದ ಎರಡನೆಯ ಪುಟ ಬಿದ್ದಿತ್ತು. ಮಾತಾಡುತ್ತಾ ಮಾತಾಡುತ್ತಾ ಪೆನ್ಸಿಲು ತಗೊಂಡು ಮೂರು ತಪ್ಪು ಗುರುತು ಹಾಕಿದಳು. ಎರಡು ನನಗೆ ಕಂಡಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ನಾನು ನೇರವಾಗಿ ಕೇಳಿದೆ. "ನಾನು ಜನವರಿಯಲ್ಲಿ ಬರೆದ ಕಾಗದಕ್ಕೆ ಪೂರ್ತಿ ಉತ್ತರ ಯಾಕೆ ಬರಲಿಲ್ಲ?"

ಅವಳು ಪೆನ್ಸಿಲು ಕೆಳಗಿಟ್ಟಳು. "ಆ ದಿನ ಇನ್ನೂರ ಎಂಬತ್ತು ಕಾಗದ ಇತ್ತಮ್ಮಾ. ಎಲ್ಲದಕ್ಕೂ ನಾಲ್ಕೇ ಸಾಲು. ಕಾರ್ಡು, ಮೊಣಕಾಲು, ಮೆಷಿನ್ನು, ಅಂಕಣ. ಅಷ್ಟಕ್ಕೇ ನಾಲ್ಕಾಯಿತು. ಮುಖ್ಯವಾದದ್ದು ಮೇಲಿರುತ್ತೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು ಅಂತ ನೀವೇ ಕಲಿಸಿದ್ದಲ್ಲವಾ?"

"ಅದು ಸುದ್ದಿಗೆ ಕಣೇ, ಕಾಗದಕ್ಕಲ್ಲ!"

"ಎಂಟು ಗಂಟೆಗೆ ಕಾರು ಹೊರಡುತ್ತಮ್ಮಾ. ಅಷ್ಟರೊಳಗೆ ಕೈಗೆ ಸಿಕ್ಕಿದ್ದೆಲ್ಲ ಸುದ್ದಿಯ ಹಾಗೇ ಕಾಣುತ್ತೆ."

ನಾನು ಸಾಣೆ ಹಿಡಿದು ಕೊಟ್ಟ ಕತ್ತರಿ ನನ್ನ ಕಾಗದಕ್ಕೇ ಬಿತ್ತು. ನಗಬೇಕೋ, ಬಾರಿಸಬೇಕೋ ತಿಳಿಯಲಿಲ್ಲ. "ಎರಡನೆಯದನ್ನೂ ಹಾಗೇ ಮಾಡಿದೆಯಾ?" ಅಂದೆ.

"ಇಲ್ಲಮ್ಮಾ. ಅದರಲ್ಲಿ ನನಗೇ ಬೈಗುಳ ಇತ್ತು. ನಾನೇ ಕತ್ತರಿಸಿದರೆ ತಪ್ಪಾಗುತ್ತೆ ಅಂತ ಹಾಗೇ ಅವರ ಕೈಗೆ ಕೊಟ್ಟೆ. ಪೂರ್ತಿ ಓದಿದರು."

"ಸುಳ್ಳು" ಅಂದೆ. "ಅವನು ಓದಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಈ ಕುರ್ಚಿ ನಿನಗೆ ಬೇಕಾಗಿತ್ತು, ಅದಕ್ಕೇ ಅಡಗಿಸಿದೆ."

ಅವಳು ಅಳಲಿಲ್ಲ, ವಾದಿಸಲಿಲ್ಲ. "ನನಗೆ ಕುರ್ಚಿ ಬೇಕು ಅಂತ ಯಾರೂ ಕೇಳಲಿಲ್ಲಮ್ಮಾ. ಹೇಳಿದರು, ಬಂದೆ" ಅಂದಳು. ಸೊಸೆ ತಂದ ಚಹಾ ಮುಟ್ಟದೆ ಬಸ್ಸಿಗೆ ಹೋದಳು. ನಾನು ರುಜು ಹಾಕಿಲ್ಲ. ಪತ್ರಗಳು ಬೆಂಚಿನ ಮೇಲೇ ಇವೆ.

ಈಗ ನೀನು ಹೇಳು. ಎರಡನೆಯ ಕಾಗದವನ್ನು ಪೂರ್ತಿ ಓದಿದ್ದೆಯಾ? ಓದಿಲ್ಲ ಅಂತ ಒಂದು ಸಾಲು ಬರೆ. ಅವಳ ಮೇಲಿನ ಸಿಟ್ಟು ನನಗೆ ಸಾಕು, ನಿನ್ನ ಮೇಲೆ ಬೇಡ.

ಅಕ್ಕ

18 ಮಾರ್ಚ್

ಅಕ್ಕಾ,

ಇದನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆ. ಅಕ್ಷರ ನೋಡಿದರೆ ನಿನಗೆ ಗೊತ್ತಾಗುತ್ತದೆ.

ಓದಿದ್ದೆ. ಕೊನೆಯ ಸಾಲಿನವರೆಗೂ ಓದಿದ್ದೆ. ನಿನ್ನ ಕಾಗದದಲ್ಲಿ ಏನಿದೆ ಅಂತ ಗಿಳಿಯೇ ಹೇಳಿದಳು ಅಂತ ನಾನು ಬರೆದದ್ದು, ಹಾಗೆ ಬರೆದರೆ ಆ ಒಂದು ಸಾಲಿಗೆ ಉತ್ತರ ಕೊಡುವುದು ತಪ್ಪುತ್ತದೆ ಅಂತ. ನಿನ್ನ ಹತ್ತಿರ ಸುಳ್ಳು ಹೇಳಿದ್ದು ಇದೇ ಮೊದಲು.

ನನ್ನ ಕಷ್ಟವನ್ನೂ ನೋಡು. ಅಧ್ಯಕ್ಷನ ಅಕ್ಕನೇ ಸಂಪಾದಕಿ ಅಂದರೆ ವಿರೋಧಿಗಳು ಬಿಡುತ್ತಾರಾ? ಮನೆಯ ಪತ್ರಿಕೆ ಅನ್ನುತ್ತಾರೆ. ಅದೂ ಅಲ್ಲದೆ ನಿನ್ನನ್ನು ಬಗ್ಗಿಸುವುದು ಯಾರಿಗೂ ಆಗುವುದಿಲ್ಲ. ನಗರದ ಆಸ್ಪತ್ರೆಯನ್ನು ನಮ್ಮ ಪಕ್ಷದವರೇ ನಡೆಸುತ್ತಿದ್ದಾರೆ. ಹೋದ ವರ್ಷ ಅದರ ವಿಷಯ ನೀನು ಬರೆದಾಗ ಇಲ್ಲಿ ನನಗೆ ಎಷ್ಟು ಜನ ಫೋನು ಮಾಡಿದರು ಗೊತ್ತಾ? ಗಿಳಿಗೆ ಹೇಳಿದರೆ ಕೇಳುತ್ತಾಳೆ. ನೀನು ಕೇಳುವುದಿಲ್ಲ. ಇದೇ ನಿಜ. ಇದಕ್ಕಿಂತ ಮೆತ್ತಗೆ ಬರೆಯಲು ನೋಡಿದೆ, ಆಗಲಿಲ್ಲ.

ಚುನಾವಣೆ ಮುಗಿಯಲಿ, ಎರಡು ವರ್ಷ. ಆಮೇಲೆ ನೀನು ಹೇಳಿದ ಹಾಗೆ. ಈಗ ದಯವಿಟ್ಟು ರುಜು ಹಾಕು. ಇಪ್ಪತ್ತೆಂಟಕ್ಕೆ ಬಾ. ಆ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ.

ನಿನ್ನ ತಮ್ಮ

29 ಮಾರ್ಚ್

ತಮ್ಮಾ,

ನಿನ್ನ ಪದಗ್ರಹಣ ನಿನ್ನೆ ಬೆಳಿಗ್ಗೆ ಚೆನ್ನಾಗಿ ನಡೆಯಿತಂತೆ. ಸೊಸೆ ಟೀವಿ ನೋಡಿ ಬಂದು ಹೇಳಿದಳು. ಮೊದಲ ಸಾಲಿನ ಖಾಲಿ ಕುರ್ಚಿಯನ್ನೂ ತೋರಿಸಿದರಂತೆ, "ಅತ್ತೆ, ಕುರ್ಚಿ ಥೇಟ್ ನಿಮ್ಮ ಹಾಗೇ ಬಿಗಿದುಕೊಂಡು ಕೂತಿತ್ತು" ಅಂದಳು. ಶುಕ್ರವಾರ ನಮಗೆ ಸಂಚಿಕೆಯ ದಿನ. ನಿನಗೆ ಮರೆತಿರಬಹುದು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಗಿಳಿಯ ಮೇಲೆ ಉರಿದುಕೊಂಡಿದ್ದ ಎರಡು ತಿಂಗಳು ದಂಡವಾಯಿತು. ಅವಳು ನಿನ್ನನ್ನು ನನ್ನಿಂದ ಕಸಿದುಕೊಂಡಳು ಅಂತ ತಿಳಿದಿದ್ದೆ. ನೀನೇ ಎದ್ದು ಹೋಗಿ ಆಗಿತ್ತು. ಬಗ್ಗುವವರು ಬೇಕು ಅಂತ ನೀನು ಬರೆದದ್ದು ಸರಿಯೇ, ನಿನ್ನ ಕೆಲಸಕ್ಕೆ ಅದು ಬೇಕೇನೋ. ಆ ವ್ಯಾಪಾರ ನನಗೆ ತಿಳಿಯದು.

ನಿನ್ನ ಪತ್ರಗಳಿಗೆ ರುಜು ಹಾಕಿದ್ದೇನೆ. ಇದರ ಜೊತೆ ಇವೆ. ಪತ್ರಿಕೆಯ ಹೆಸರು ನಿನ್ನದು, ತಗೊ. ಪಕ್ಷಕ್ಕೆ ಕೊಡು, ದೇಶದ ತುಂಬ ಹಂಚು. ಆದರೆ ಮುದ್ರಕರು ಅನ್ನುವ ಕಡೆ ನನ್ನ ಹೆಸರು ಹೊಡೆದುಹಾಕಿ, ಅದರ ಪಕ್ಕ ರುಜು ಮಾಡಿದ್ದೇನೆ. ಬೇರೆ ಪ್ರೆಸ್ಸು ನೋಡಿಕೊ. ಈ ಮೆಷಿನ್ನು ನನ್ನ ಗಂಡ ಬಿಟ್ಟುಹೋದದ್ದು, ಇದರ ಮೇಲೆ ಪಕ್ಷದ ಕಾಗದ ಓಡುವುದಿಲ್ಲ.

ಇನ್ನು ನನ್ನ ವಿಷಯ. ಹದಿನಾಲ್ಕನೆಯ ತಾರೀಖೇ ನೋಂದಣಿ ಕಚೇರಿಗೆ ಹೋಗಿ ಹೊಸ ಪತ್ರಿಕೆಗೆ ಅರ್ಜಿ ಕೊಟ್ಟೆ. ನಿನ್ನ ಉತ್ತರ ಹೇಗೆ ಬಂದರೂ ಇರಲಿ ಅಂತ. ನೀನು ಓದಿಲ್ಲ ಅಂತ ಬರೆದಿದ್ದರೆ ವಾಪಸು ತಗೊಳ್ಳುತ್ತಿದ್ದೆ. ಅಲ್ಲಿಯ ಗುಮಾಸ್ತ "ವಿದ್ಯಾಭ್ಯಾಸ?" ಅಂದ. "ಹೈಸ್ಕೂಲು" ಅಂದೆ. ಪೆನ್ನು ನಿಲ್ಲಿಸಿ ನೋಡಿದ. "ಬರಿಯಪ್ಪಾ, ಒತ್ತು ಬಿಡಬೇಡ" ಅಂದೆ. ಬರೆದ.

ಸೋಮವಾರ ಬೆಳಿಗ್ಗೆ ಗಿಳಿ ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿನ್ನ ಕಚೇರಿಗೆ ರಾಜೀನಾಮೆ ಕೊಟ್ಟು ಬಂದಿದ್ದಳು. ನಾನು ಕರೆದಿರಲಿಲ್ಲ. ಸುಳ್ಳಿ ಅಂತ ಅಂದಿದ್ದೆನಲ್ಲ, ಅದನ್ನು ವಾಪಸು ತಗೊಂಡೆ. ನನ್ನ ಬಾಯಲ್ಲಿ ಆ ಮಾತು ಬರಲು ಎಷ್ಟು ಹೊತ್ತು ಹಿಡಿಯಿತು ಅಂದರೆ, ಅವಳು ಅಷ್ಟರಲ್ಲಿ ಬೆಂಚಿನ ಮೇಲೆ ಕೂತು ಒಂದು ಕಾಲಂ ಪ್ರೂಫು ಮುಗಿಸಿದ್ದಳು. "ಅವನು ಕರೆದರೆ ಹೋಗ್ತೀಯಾ?" ಅಂದೆ. "ಎರಡು ಸಲ ಫೋನು ಮಾಡಿದರಮ್ಮಾ" ಅಂದಳು, ತಲೆ ಎತ್ತಲಿಲ್ಲ. ಹಾಗಾಗಿ ತಮ್ಮಾ, ಹೊಟ್ಟೆಕಿಚ್ಚು ಪಡುವ ಸರದಿ ಈಗ ನಿನ್ನದು. ನನಗೆ ಸಾಕಾಗಿದೆ.

ಅವಳನ್ನು ಮಂಗಳವಾರ ನಗರದ ಆಸ್ಪತ್ರೆಗೆ ಕಳಿಸಿದೆ. ಹೆರಿಗೆ ವಾರ್ಡಿನ ನಲ್ಲಿಯಲ್ಲಿ ಒಂಬತ್ತು ದಿನದಿಂದ ನೀರಿಲ್ಲ. ಬಾಣಂತಿಯರ ಗಂಡಂದಿರು ಎದುರಿನ ಹೋಟೆಲಿನಿಂದ ಕೊಡ ಹೊತ್ತು ತರುತ್ತಿದ್ದಾರೆ. ಹದಿನಾರು ಹಾಸಿಗೆ, ಒಂದೊಂದನ್ನೂ ನಿಂತು ನೋಡಿ ಬಂದಿದ್ದಾಳೆ. ವಾಕ್ಯಗಳೂ ಗಿಡ್ಡವಾಗಿವೆ. ಆಡಳಿತ ಮಂಡಳಿಯ ಅಧ್ಯಕ್ಷರು ಯಾವ ಪಕ್ಷದವರು ಅಂತಲೂ ಬರೆದಿದ್ದಾಳೆ. ನಾನು ಅದನ್ನು ಹೊಡೆಯಲಿಲ್ಲ.

ಹೊಸ ಪತ್ರಿಕೆಗೆ ಬುಧವಾರ ಅನುಮತಿ ಬಂತು, ಆ ಸುದ್ದಿ ಅದರ ಮೊದಲ ಪುಟದಲ್ಲಿದೆ. ನಿನ್ನ ಪದಗ್ರಹಣ ಮೂರನೆಯ ಪುಟದಲ್ಲಿ, ಫೋಟೋ ಸಮೇತ. ಫೋಟೋ ನಾನೇ ಆರಿಸಿದೆ, ಚೆನ್ನಾಗಿ ಬಂದಿದ್ದೀಯ. ಸಂಪಾದಕರು ಅನ್ನುವ ಕಡೆ ನನ್ನ ಹೆಸರಿದೆ. ನಿನ್ನೆ ಸಂಜೆ ನಾಲ್ಕಕ್ಕೆ ಕಟ್ಟುಗಳೆಲ್ಲ ಬಸ್ಸು ಹತ್ತಿದವು.

ಅಕ್ಕ